ಬೆಕ್ಕಿನ ನಡಿಗೆ

ಆ ಶಾಲೆಯಲ್ಲಿ ಒಂದನೇ ತರಗತಿಗೂ ಹೆಡ್‌ಮಾಸ್ತರರ ಕೋಣೆಗೂ ನಡುವೆ ಇದ್ದದ್ದು ಬರೀ ಒಂದು ಹಲಗೆಯ ತಡಿಕೆ. ಗೋಡೆ ಕಟ್ಟಿಸುತ್ತೇವೆ ಎಂದು ಆಡಳಿತ ಮಂಡಳಿಯವರು ಹೇಳುತ್ತಲೇ ಇದ್ದರು. ಮೂಗಿಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ತಡಿಕೆಯ ಈಚೆ ಒಂದನೇ ಕ್ಲಾಸಿನ ಟೀಚರು, ಆಚೆ ಗುಡುಗಪ್ಪ. ಹೆಡ್‌ಮಾಸ್ತರರಿಗೆ ಆ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅವರು ಕೆಮ್ಮಿದರೆ ಸಾಕು, ಈಚೆ ಮಕ್ಕಳ ಕೈಯಿಂದ ಬಳಪ ಜಾರುತ್ತಿತ್ತು.

ಮಕ್ಕಳೋ, ಹಾಲುಹಲ್ಲು ಉದುರುವ ವಯಸ್ಸಿನವು. ನೀರು ಕುಡಿಯಲು ಹೊರಟರೆ ಸಂತೆಯೇ ಎದ್ದು ಹೊರಟಂತೆ. ಗುಡುಗಪ್ಪ ಬಾಗಿಲಿಗೆ ಬಂದು ಒಮ್ಮೆ 'ಏಯ್' ಎಂದರೆ ಒಂದೆರಡು ಚಡ್ಡಿ ಒದ್ದೆಯಾಗುತ್ತಿದ್ದವು. ಅದಕ್ಕೇ ಟೀಚರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ಆಟ ಹೂಡಿದರು. ಅವರು ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ ಕಿವಿ ಮಾಡಿದರೆಂದರೆ ಎಲ್ಲರೂ ಬೆಕ್ಕು. ಪಕ್ಕದ ಕೋಣೆಯಲ್ಲಿ ಹುಲಿ ಮಲಗಿದೆ, ಎಬ್ಬಿಸಬಾರದು. ಮಕ್ಕಳೂ ಕಿವಿ ಮಾಡಿಕೊಂಡು, ಹಿಮ್ಮಡಿ ನೆಲಕ್ಕೆ ತಾಗಿಸದೆ, ಮುಂದಿನವರನ್ನು ಮುಟ್ಟದೆ, ನಲ್ಲಿಯವರೆಗೆ ಹೋಗಿ ಬರಬೇಕು. ಅಂದಿನಿಂದ ಗುಡುಗಪ್ಪ ಬಾಗಿಲಿಗೆ ಬರಲೇ ಇಲ್ಲ. ಹುಲಿಯನ್ನು ಏಮಾರಿಸಿದೆ ಎಂದು ಟೀಚರಿಗೆ ಒಳಗೊಳಗೇ ಹೆಮ್ಮೆ.

ಹೀಗೇ ಅವರ ತಲೆ ನರೆಯಿತು. ಗುಡುಗಪ್ಪ ನಿವೃತ್ತರಾಗುವಾಗ ತಮ್ಮ ಜಾಗಕ್ಕೆ ಒಂದನೇ ಕ್ಲಾಸಿನ ಟೀಚರೇ ಬೇಕೆಂದು ಮಂಡಳಿಯೆದುರು ಪಟ್ಟು ಹಿಡಿದರಂತೆ. ಸುದ್ದಿ ಟೀಚರ ಕಿವಿಗೂ ಬಿತ್ತು. ಅವರದು ಮೊದಲೇ ಪಿಸುದನಿ. ಸೀಮೆಸುಣ್ಣದ ಪುಡಿ ಕುಡಿದು ಕುಡಿದು ಈಗ ಅದೂ ಸವೆದಿತ್ತು. ನೇರ ಹೋಗಿ ತಮ್ಮಿಂದಾಗದು ಎಂದರು. ಗುಡುಗಪ್ಪ ಅಂದು ಗುಡುಗಲಿಲ್ಲ.

"ಆ ಕುರ್ಚೀಲಿ ಒಂದ್ಸಲ ಕೂತು ನೋಡಿ ಟೀಚರೇ," ಎಂದರು. "ಆಮೇಲೆ ಬೇಕಾದ್ರೆ ಬೇಡ ಅನ್ನಿ."

ಟೀಚರು ಕೂರಲಿಲ್ಲ. ಮಂಡಳಿಯ ಮಾತು ಮೀರಲಾಗದೆ ಹೆಡ್‌ಮಿಸ್ ಆದ ಮೇಲೂ ಬಂದವರಿಗೆಂದು ಇಟ್ಟ ಕುರ್ಚಿಯಲ್ಲೇ, ಕಿಟಕಿಗೆ ಬೆನ್ನು ಹಾಕಿ ಕೂತು ಕೆಲಸ ನಡೆಸಿದರು. ಬೆಳಗಿನ ಪ್ರಾರ್ಥನೆಯಂತೂ ಅವರ ಪಾಲಿಗೆ ದಿನದಿನದ ಅಗ್ನಿಪರೀಕ್ಷೆ. ಇವರು ಮೈಕಿನ ಮುಂದೆ ಬಾಯಿ ತೆರೆದರೆ ಹಿಂದಿನ ಸಾಲಿನ ಮೀಸೆ ಚಿಗುರಿದ ಹುಡುಗರು ಕ್ರಿಕೆಟ್ಟಿನ ಪಂಚಾಯಿತಿ ಶುರು ಮಾಡುತ್ತಿದ್ದರು. ಕೊನೆಗೆ ಡ್ರಿಲ್ ಮಾಸ್ತರು ಸೀಟಿ ಊದಬೇಕು, ಆಗ ಶಾಲೆ ಸುಮ್ಮನಾಗಬೇಕು. ಕುರ್ಚಿ ತನಗೇ ಎಂದು ನಂಬಿದ್ದ ಮನುಷ್ಯ ಆತ. ಊದಿದ ಮೇಲೆ ಒಂದು ನಗೆ ನಕ್ಕು ನೋಡುತ್ತಿದ್ದರು. ಆ ನಗೆ ಸೀಟಿಗಿಂತ ಜೋರಾಗಿ ಕೇಳುತ್ತಿತ್ತು.

"ವಾರ ಮುಗೀಲಿ, ನಂಗೆ ನನ್ನ ಒಂದನೇ ಕ್ಲಾಸೇ ಕೊಡಿ ಅಂತ ಮಂಡಳಿ ಕಾರ್ಯದರ್ಶಿಗಳಿಗೆ ಹೇಳಿಬಿಡ್ತೀನಿ," ಎಂದರು ಗಂಡನ ಹತ್ತಿರ. ಗಂಡ ಗಡಿಯಾರ ರಿಪೇರಿಯವರು, ಮಾತು ಕಡಿಮೆ. ಕಣ್ಣಿನ ಭೂತಗನ್ನಡಿ ತೆಗೆಯದೆ ಹೂಂ ಎಂದರು.

ಆ ವಾರದ ಕೊನೆಯ ದಿನ ಇಡೀ ಶಾಲೆ ಪ್ರಾರ್ಥನೆಗೆ ಮೈದಾನದಲ್ಲಿ ನಿಂತಿತ್ತು. ನೀರಿನ ಟ್ಯಾಂಕಿನ ಅಡಿಯಲ್ಲಿ ಮೊರದಗಲ ಹೆಜ್ಜೇನಿನ ತಟ್ಟಿ. ಎಲ್ಲಿಂದಲೋ ಬಂದ ಹದ್ದು ಅದಕ್ಕೆ ಎರಗಿತು. ತಟ್ಟಿ ಕಪ್ಪಗೆ ಬಿಚ್ಚಿಕೊಂಡಿತು. ಮೈಕಿಲ್ಲದೆಯೇ ಮೈದಾನವೆಲ್ಲ ಝೇಂಕಾರ. ಮಕ್ಕಳು ಕಿರುಚಿ ಓಡಿದರೆ ಹುಳು ಬೆನ್ನುಹತ್ತುತ್ತವೆ, ಬಾಗಿಲಲ್ಲಿ ತುಳಿದಾಟವಾದರೆ ಸಣ್ಣವು ಉಳಿಯುವುದಿಲ್ಲ. ಡ್ರಿಲ್ ಮಾಸ್ತರು ಗಾಬರಿಯಲ್ಲಿ ಸೀಟಿ ಬಾಯಿಗಿಟ್ಟರು. ಹೆಡ್‌ಮಿಸ್ ಗಬಕ್ಕನೆ ಅವರ ಕೈ ಹಿಡಿದು ಕೆಳಗಿಳಿಸಿದರು.

ಆಮೇಲೆ ಮಾಡಿದ್ದು ಅವರು ಯೋಚಿಸಿ ಮಾಡಿದ್ದಲ್ಲ. ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿದರು.

ಮುಂದಿನ ಸಾಲಿನ ಪುಟಾಣಿಗಳು ಕೂಡಲೇ ಕಿವಿ ಎತ್ತಿದವು. ಅವುಗಳ ಹಿಂದೆ ಎರಡನೇ ತರಗತಿ, ಮೂರನೆಯದು. ಕಿವಿಗಳು ಸಾಲುಸಾಲಾಗಿ ಹಿಂದಕ್ಕೆ ಏಳುತ್ತ ಹೋದವು. ಕೊನೆಗೆ ಆ ಮೀಸೆ ಹುಡುಗರೂ, ಹೆಡ್‌ಮಿಸ್‌ಗಿಂತ ಗೇಣುದ್ದ ಎತ್ತರದವರು, ನಗದೆ, ನಾಚದೆ, ತಲೆಯ ಮೇಲೆ ಎರಡೆರಡು ಬೆರಳು ನಿಲ್ಲಿಸಿದರು. ಒಂದು ಕಾಲದಲ್ಲಿ ಇದೇ ಟೀಚರ ಮುಂದೆ ಮೂಗು ಸುರಿಸಿಕೊಂಡು ಕೂತಿದ್ದ ಲೆಕ್ಕದ ಮೇಷ್ಟ್ರೂ ನಿಲ್ಲಿಸಿದರು. ಇಡೀ ಶಾಲೆ ಹಿಮ್ಮಡಿ ಎತ್ತಿ ನಡೆಯಿತು. ಅಷ್ಟು ಕಾಲುಗಳಿದ್ದೂ ಮಣ್ಣಿನ ಮೇಲೆ ಒಂದು ಸದ್ದಿಲ್ಲ. ಜೇನು ತಲೆಯ ಮೇಲೆಯೇ ಸುತ್ತುತ್ತಿದ್ದರೂ ಒಂದು ಮಗು ಓಡಲಿಲ್ಲ. ಹೆಡ್‌ಮಿಸ್ ಆ ಸಾಲುಗಳನ್ನೇ ನೋಡುತ್ತ ನಿಂತರು. ಇವರೆಲ್ಲ ಮೇಲಿನ ಕ್ಲಾಸಿಗೆ ಹೋದೊಡನೆ ಮರೆತರೆಂದು ತಿಳಿದಿದ್ದರಲ್ಲ, ಯಾರೂ ಮರೆತಿರಲಿಲ್ಲ. ಒಂದು ಹುಳು ಬಂದು ಅವರ ಹುಬ್ಬಿಗೇ ಕುಟುಕಿತು. ಕಣ್ಣಲ್ಲಿ ನೀರು ಸುರಿದರೂ ಕೊನೆಯ ಮಗು ಬಾಗಿಲು ದಾಟುವವರೆಗೆ ಅವರು ಬೆರಳು ಇಳಿಸಲಿಲ್ಲ.

ಮೈದಾನದಲ್ಲಿ ಕೊನೆಗೆ ಉಳಿದವರು ಡ್ರಿಲ್ ಮಾಸ್ತರು. ಆತ ಈ ಶಾಲೆಯಲ್ಲಿ ಓದಿದವರಲ್ಲ. ಆದರೂ ಸೀಟಿಯನ್ನು ಜೇಬಿಗೆ ಹಾಕಿ, ತುದಿಗಾಲಲ್ಲಿ ಒಳಗೆ ಬಂದರು.

ಸಂಜೆ ಗಂಡ ಭೂತಗನ್ನಡಿ ಹಾಕಿಕೊಂಡೇ ಹುಬ್ಬಿನ ಮುಳ್ಳು ಕಿತ್ತರು. "ಕಾರ್ಯದರ್ಶಿಗಳಿಗೆ ಹೇಳಿದ್ಯಾ?" ಎಂದು ಕೇಳಿದರು.

"ಇಲ್ಲ," ಎಂದರು ಹೆಂಡತಿ. "ಆ ಕುರ್ಚೀಲಿ ಇನ್ನೂ ಕೂತೇ ನೋಡಿಲ್ಲ."

ಮರುವಾರ ಕಣ್ಣಿನ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೆಡ್‌ಮಿಸ್ ಮೇಜು ಬಳಸಿ ಹೋಗಿ ಗುಡುಗಪ್ಪನವರ ಕುರ್ಚಿಯಲ್ಲಿ ಕೂತು ತಲೆ ಎತ್ತಿದರು. ಎದುರಿಗೇ ಕಿಟಕಿ. ಕಿಟಕಿಯಾಚೆ ಪಡಸಾಲೆ, ಒಂದನೇ ತರಗತಿಯ ಬಾಗಿಲಿನಿಂದ ನಲ್ಲಿಯವರೆಗೆ ಅಂಗೈ ರೇಖೆಯಷ್ಟು ಸ್ಪಷ್ಟ.

ಅಷ್ಟರಲ್ಲಿ ಮಕ್ಕಳನ್ನು ನೀರಿಗೆ ಬಿಟ್ಟರು. ಸದ್ದು ಒಂದಿನಿತೂ ಇಲ್ಲ. ಆದರೆ ಪುಟ್ಟ ಪುಟ್ಟ ಬೆಕ್ಕುಗಳು ಒಂದರ ಹಿಂದೊಂದು ಕಿಟಕಿ ದಾಟುತ್ತಿದ್ದವು. ಇಲ್ಲಿ ಕೂತವರಿಗೆ ಕಾಣದಿರಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಆ ಮಹಾರಾಯ ಪ್ರತಿದಿನ ಇದನ್ನು ನೋಡಿದ್ದರು. ಹಲಗೆ ನಡುಗಿಸುವ ಗಂಟಲಿಟ್ಟುಕೊಂಡು, ಮಕ್ಕಳು ಗೆಲ್ಲಲೆಂದು, ಕೆಮ್ಮನ್ನು ಸಹ ತಡೆದುಕೊಂಡು ಕೂತಿದ್ದರು. ಹೆಡ್‌ಮಿಸ್ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡರು.

ಕೊನೆಯದೊಂದು ಬೆಕ್ಕು ಹಿಂದೆ ಉಳಿದಿತ್ತು. ಒಂದು ಕೈಯಲ್ಲಿ ಜಾರುವ ಚಡ್ಡಿ, ಇನ್ನೊಂದರಲ್ಲಿ ಒಂಟಿ ಕಿವಿ. ಅದು ಕಿಟಕಿಯ ಬಳಿ ನಿಂತು ಮೆಲ್ಲಗೆ ಒಳಗೆ ಇಣುಕಿತು.

ಹುಲಿ ಪಟ್ಟನೆ ಕಣ್ಣು ಮುಚ್ಚಿ ನಿದ್ದೆ ಹೋಯಿತು.