ಓರೆ ಬಿಸಿಲಿಗೆ ನೋಟು ಹಿಡಿಯುವ ವೆರ್ನಾ

ಅಡಿಲೇಡ್‌ನ ಬೀದಿಯಲ್ಲಿ ಮೊದಲ ಟ್ರಾಮು ಖಾಲಿಯಾಗಿಯೇ ಸಾಗುತ್ತದೆ. ಲಿಂಡ್ಸೆ ಕ್ಲೈನಿಗ್‌ನ ಹಳೇ ನೋಟು-ನಾಣ್ಯದ ಅಂಗಡಿಯ ಬಾಗಿಲು ತೆರೆಯಲು ಇನ್ನೂ ಬಹಳ ಹೊತ್ತಿದೆ. ಮೇಲಿನ ಕೋಣೆಯಲ್ಲಿ ಮಾತ್ರ ವೆರ್ನಾ ಟ್ರೆಗೆನ್ಜಾ ಪೂರ್ವದ ಕಿಟಕಿಯ ಪರದೆ ಸರಿಸುತ್ತಾರೆ. ಬಿಸಿಲು ಮೇಜಿನುದ್ದಕ್ಕೂ ಅಡ್ಡಡ್ಡಲಾಗಿ ಹರಿಯುತ್ತದೆ. ಅಗಲ ತುದಿಯ ಚಿಮುಟದಲ್ಲಿ ಹಳೇ ಪೌಂಡಿನ ನೋಟೊಂದನ್ನು ಎತ್ತಿ ಆ ಬೆಳಕಿನಲ್ಲಿ ನಿಧಾನಕ್ಕೆ ವಾಲಿಸುತ್ತಾರೆ.

"ಮಧ್ಯಾಹ್ನದ ಬೆಳಕು ಬರೀ ಸುಳ್ಳುಬುರುಕ. ಎಲ್ಲಾ ನೋಟೂ ಹೊಸದೇ ಅನ್ಸುತ್ತೆ. ಈ ಓರೆ ಬಿಸಿಲಿಗೆ ಹಿಡೀರಿ, ಎಲ್ಲಿ ಮಡಚಿದ್ರೋ ಅಲ್ಲೇ ನೆರಳು ಬೀಳುತ್ತೆ" ಎನ್ನುತ್ತಾರೆ. ಲಿಂಡ್ಸೆ ತಂದುಕೊಟ್ಟ ದುಬಾರಿ ದೀಪವೂ ಇದೆ. ಅದು ಮೋಡದ ದಿನಗಳಿಗೆ.

ಹಳೇ ನೋಟು ಸಂಗ್ರಹಿಸುವವರ ಲೋಕದಲ್ಲಿ ನೋಟಿಗೂ ಪರೀಕ್ಷೆ ಉಂಟು. ದರ್ಜೆ ಕೊಡುವ ಸಂಸ್ಥೆಗಳು ನೋಟನ್ನು ತಪಾಸಣೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಎಂದು ಚೀಟಿಯಲ್ಲಿ ಅಂಕ ಬರೆದು, ಅದರ ಜೊತೆಗೇ ಪಾರದರ್ಶಕ ಹೊದಿಕೆಯಲ್ಲಿ ಮುಚ್ಚಿ ಕಳಿಸುತ್ತವೆ. ಕೊಳ್ಳುವವರು ಆ ಅಂಕವನ್ನೇ ನಂಬುತ್ತಾರೆ. ಯಾವ ನೋಟನ್ನು ಯಾವ ಸಂಸ್ಥೆಗೆ ಕಳಿಸಬೇಕು ಎಂದು ಆರಿಸುವುದು, ಸಮುದ್ರ ದಾಟುವ ಆ ಪ್ರಯಾಣಕ್ಕೆ ಜೋಪಾನವಾಗಿ ಕಟ್ಟಿ ಕೊಡುವುದು ವೆರ್ನಾ ಅವರ ಕೆಲಸ. ಅಂಗಡಿಯ ಫಲಕದಲ್ಲಾಗಲಿ, ಹೊದಿಕೆಯ ಚೀಟಿಯಲ್ಲಾಗಲಿ ಅವರ ಹೆಸರಿಲ್ಲ.

ಹುಟ್ಟಿದ್ದು ತಾಮ್ರದ ಗಣಿಯ ಊರು ಮೂಂಟಾದಲ್ಲಿ. ಓದು ಅರ್ಧಕ್ಕೇ ನಿಂತಿತು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾ ಅರ್ಧ ಆಯುಷ್ಯ ಕಳೆದರು. ಆ ಕೆಲಸ ಹೊರಗುತ್ತಿಗೆಗೆ ಹೋದ ವರ್ಷ ಕೈಯಲ್ಲಿ ಉಳಿದದ್ದು ಮಂಡಿನೋವು ಮಾತ್ರ. ಲಿಂಡ್ಸೆಯ ಅಂಗಡಿಗೆ ಬಂದದ್ದು ನೆಲ ಒರೆಸಲು. ಒರೆಸುತ್ತಾ ಒರೆಸುತ್ತಾ ಗಾಜಿನೊಳಗಿನ ನೋಟುಗಳ ಮೇಲೆ ಕಣ್ಣು ಹೋಯಿತು. "ಮಡಿಕೆ ಅಂದ್ರೆ ಮಡಿಕೆ. ದುಪ್ಪಟಿ ಆದ್ರೇನು, ಕಾಗದ ಆದ್ರೇನು?" ಎಂದು ನಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಇಲ್ಸಾ ನೋಸ್ಕೆ ಎಂಬ ವಿಧವೆ ಒಂದು ಆಲ್ಬಮ್ ಹೊತ್ತುಕೊಂಡು ಈ ಅಂಗಡಿಗೆ ಬಂದರು. ಟ್ರಾಮು ಓಡಿಸುತ್ತಿದ್ದ ಗಂಡ ಎರೋಲ್ ಜೀವಮಾನವಿಡೀ ಕೂಡಿಟ್ಟ ನೋಟುಗಳು ಅದರಲ್ಲಿದ್ದವು.

"ರಜಕ್ಕೆ ಕಡಲತೀರಕ್ಕೆ ಹೋಗೋಣ ಅಂದ್ರೆ ಈ ಮನುಷ್ಯ ಒಂದು ಕಾಗದ ಹಿಡ್ಕೊಂಡು ಬರೋನು. ಅದಕ್ಕೇ ನಮ್ಮಿಬ್ಬರಿಗೂ ಜಗಳ. ಅವನೇ ಸರಿಯಿದ್ನೋ, ಊರೆಲ್ಲಾ ಸೇರಿ ಅವನ ತಲೆ ಸವರಿದ್ರೋ, ಅಷ್ಟು ಗೊತ್ತಾಗ್ಬೇಕು ನನಗೆ" ಎಂದರಂತೆ ಇಲ್ಸಾ.

ಲಿಂಡ್ಸೆ ಆಗಲೇ ಒಂದು ಸಂಸ್ಥೆಯನ್ನು ಮನಸ್ಸಿನಲ್ಲೇ ಗೊತ್ತುಮಾಡಿದ್ದ. ಹೊಸದು, ಬೇಗ ಕೆಲಸ ಮುಗಿಸುತ್ತದೆ, ಅಂಕ ಧಾರಾಳ. ವೆರ್ನಾ ಒಪ್ಪಲಿಲ್ಲ. ಅವರ ಒಲವು ಇನ್ನೊಂದರ ಕಡೆಗೆ. ಅದು ನಿಧಾನ, ಕೈ ಬಿಗಿ, ಆದರೆ ಹೊಸದೆನಿಸಲೆಂದು ನೋಟನ್ನು ತೊಳೆದಿದ್ದರೆ, ಹರಿದದ್ದನ್ನು ಅಂಟಿಸಿದ್ದರೆ ಚೀಟಿಯ ಮೇಲೆ ಬರೆದೇ ಬರೆಯುತ್ತದೆ.

"ನಿನ್ನ ಕಣ್ಣಿಗೆ ದೇವರ ಅಂಗಿಯಲ್ಲೂ ಸುಕ್ಕು ಕಾಣುತ್ತೆ ಕಣೇ ಮಾರಾಯ್ತಿ! ಒಳ್ಳೇ ಅಂಕ ಬಂದ್ರೆ ಆಯಮ್ಮನಿಗೂ ಖುಷಿ, ನಮಗೂ ಖುಷಿ" ಎಂದು ಲಿಂಡ್ಸೆ ರೇಗಿಸಿದ.

"ಆಯಮ್ಮ ಕೇಳಿದ್ದು ಖುಷಿ ಅಲ್ಲ ಲಿಂಡ್ಸೆ, ನಿಜ."

ವಾದದಿಂದ ಇದು ಬಗೆಹರಿಯುವಂತಿರಲಿಲ್ಲ. ವೆರ್ನಾ ಮನೆಯಿಂದ ತಮ್ಮದೇ ಹತ್ತು ಶಿಲ್ಲಿಂಗಿನ ನೋಟು ತಂದರು. ಅವರ ನಾಮಕರಣದ ದಿನ ಅಪ್ಪ ಕೊಟ್ಟದ್ದು, ಅವರ ಬಳಿಯಿದ್ದ ಒಂದೇ ಹಳೇ ನೋಟು. ಅದನ್ನು ಮೊದಲು ಲಿಂಡ್ಸೆಯ ಸಂಸ್ಥೆಗೆ ಕಳಿಸಿದರು. ಬಂದ ಮೇಲೆ ಹೊದಿಕೆ ಬಿಡಿಸಿ, ಮೊದಲ ಅಂಕದ ಸುದ್ದಿ ಎತ್ತದೆ ಎರಡನೆಯದಕ್ಕೆ ಕಳಿಸಿದರು. ಮೊದಲನೆಯದು 'ಹೊಚ್ಚ ಹೊಸದರಂತಿದೆ' ಎಂದು ಕೊಂಡಾಡಿತ್ತು. ಎರಡನೆಯದು ಅಂಕ ಬಹಳಷ್ಟು ಇಳಿಸಿ, ಕೆಳಗೆ ಒಂದು ಸಾಲು ಬರೆದಿತ್ತು: ಶಾಖ ಕೊಟ್ಟು ಒತ್ತಲಾಗಿದೆ.

ವೆರ್ನಾ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮಮ್ಮ! ಭಾನುವಾರ ಚರ್ಚಿನ ತಟ್ಟೆಗೆ ಹಾಕೋ ನೋಟಿಗೂ ಇಸ್ತ್ರಿ ಹೊಡೀತಿದ್ಲು. ಅಪ್ಪನ ಕಾಲುಚೀಲವನ್ನೂ ಬಿಟ್ಟೋಳಲ್ಲ. ಇದನ್ನ ಬಿಡ್ತಾಳಾ? ಇಷ್ಟು ವರ್ಷ ಪೆಟ್ಟಿಗೇಲಿ ಇಟ್ಕೊಂಡಿದ್ದೆ, ನನಗೇ ಕಾಣಲಿಲ್ಲ ನೋಡಿ. ನಮ್ಮದು ಅಂದ್ಮೇಲೆ ಯಾರು ಬಿಸಿಲಿಗೆ ಹಿಡೀತಾರೆ!"

ಲಿಂಡ್ಸೆ ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. "ನಿನ್ನ ನೋಟಿನ ಬೆಲೆ ನೀನೇ ಇಳಿಸ್ಕೊಂಡೆಯಲ್ಲೇ" ಎಂದ. ಮತ್ತೆ ವಾದಕ್ಕೆ ಬರಲಿಲ್ಲ. ಎರೋಲ್‌ನ ಆಲ್ಬಮ್ ನಿಧಾನದ ಸಂಸ್ಥೆಗೇ ಹೋಯಿತು.

ಉತ್ತರ ಬಂದದ್ದು ಚಳಿಗಾಲದಲ್ಲಿ. ಇಲ್ಸಾ ಬಂದು ಕೂತರು. ಮುಂದಿಟ್ಟ ಪೇಸ್ಟಿ ಎಂಬ ಮಾಂಸದ ಕಡುಬು ಆರಿಹೋದರೂ ಮುಟ್ಟಲಿಲ್ಲ. ವೆರ್ನಾ ಒಂದೊಂದೇ ಹೊದಿಕೆ ಎತ್ತಿ ಓದಿ ಹೇಳುತ್ತಾ ಹೋದರು. ಹೆಚ್ಚಿನವು ಸಾಧಾರಣ, ಕೆಲವು ಬಹಳ ಚೆನ್ನ. ಎರಡನ್ನು ಮಾತ್ರ ಯಾರೋ ತೊಳೆದು ಅಂಚು ಕತ್ತರಿಸಿ ಎರೋಲ್‌ಗೆ ಮಾರಿದ್ದರು.

"ಎರಡೇನಾ?" ಎಂದರು ಇಲ್ಸಾ.

"ಎರಡೇ."

"ಅಯ್ಯೋ, ಮಾರ್ಕೆಟ್ಟಲ್ಲಿ ಮೀನು ತಗೊಳ್ಳೋವಾಗ ನಾನೇ ಅದಕ್ಕಿಂತ ಜಾಸ್ತಿ ಸಲ ಟೋಪಿ ಹಾಕಿಸ್ಕೊಂಡಿದೀನಿ." ಆಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಚೆನ್ನಾಗಿದ್ದವನ್ನೆಲ್ಲ ಮಾರಲು ಬಿಟ್ಟು, ಕೆಟ್ಟವೆರಡನ್ನು ಕೈಚೀಲದಲ್ಲಿ ಹಾಕಿಕೊಂಡರು. "ಒಳ್ಳೇದನ್ನ ಯಾರಾದ್ರೂ ನೋಡ್ಕೋತಾರೆ. ಇವು ಮನೇಲಿರ್ಲಿ, ನನ್ನ ಜೊತೆ."

ಆ ಬೇಗದ ಸಂಸ್ಥೆಗೆ ಲಿಂಡ್ಸೆ ಈಗಲೂ ಆಗೊಮ್ಮೆ ಈಗೊಮ್ಮೆ ನೋಟು ಕಳಿಸುತ್ತಾನೆ. ಅವಸರದ ಗಿರಾಕಿಗಳು ಕೇಳುತ್ತಾರೆ, ವ್ಯಾಪಾರ ನಡೆಯಬೇಕಲ್ಲ. ವೆರ್ನಾ ಅವನ್ನು ಕಟ್ಟಿ ಕೊಡುವುದಿಲ್ಲ. ಅವನೇ ಕಟ್ಟಿಕೊಳ್ಳುತ್ತಾನೆ.

ಬಿಸಿಲು ಮೇಜು ಬಿಟ್ಟು ನೆಲಕ್ಕಿಳಿದಿದೆ, ಇವತ್ತಿನ ನೋಡುವ ಕೆಲಸ ಮುಗಿಯಿತು. ಇನ್ನು ಕಟ್ಟುವುದು. ಎರಡು ರಟ್ಟುಗಳ ನಡುವೆ ನೋಟಿಟ್ಟು, ಗಾಳಿ ನುಸುಳದಂತೆ ಅಂಟುಪಟ್ಟಿ ಸುತ್ತುತ್ತಾರೆ. ಇಷ್ಟೆಲ್ಲಾ ಮಾಡಿಯೂ ಎಲ್ಲೂ ನಿಮ್ಮ ಗುರುತಿಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

ವೆರ್ನಾ ತಲೆ ಎತ್ತುವುದಿಲ್ಲ. "ನನ್ನ ಕೈ ದಾಟಿ ಹೋದ ನೋಟಿನ ಮೇಲೆ ನನ್ನ ಬೆರಳಚ್ಚು ಕೂಡ ಇರಬಾರ್ದು. ಇಲ್ಲೀತನಕ ಒಂದರ ಮೇಲೂ ಇಲ್ಲ."