ವಸೂಲಿಯವನಿಗೆ ಕೊಟ್ಟ ಕಾಫಿ

ಗುಲ್ಬರ್ಗಾ ಸೀಮೆಯ ವಾಡಿಗೆ ಬಂದ ಮರುದಿನವೇ ಅಂಗಡಿಯವರೊಬ್ಬರು ನನ್ನ ದುಡ್ಡು ಬೇಡವೆಂದರು. ಅಕ್ಕಿ, ಬೇಳೆ, ಬೆಲ್ಲ, ಸೀಮೆಎಣ್ಣೆ ಎಲ್ಲ ಕೊಂಡು ನೋಟು ಚಾಚಿ ನಿಂತಿದ್ದೆ. ಕಿರಾಣಿ ಅಂಗಡಿಯ ಬಸಣ್ಣ ನೋಟನ್ನು ನೋಡಿದರು, ನನ್ನನ್ನು ನೋಡಿದರು, ಮುಖ ಗಂಟಿಕ್ಕಿದರು.

“ರೊಕ್ಕ ಯಾರ್ ಕೇಳ್ಯಾರ್ರಿ ಅಕ್ಕೋರ? ಒಯ್ರಿ. ಪಗಾರ ಆದಮ್ಯಾಗ ಕೊಡೀರಂತ.”

“ಬೇಡಿ, ನನಗೆ ಸಾಲ ಮಾಡಿ ಅಭ್ಯಾಸವಿಲ್ಲ” ಅಂದೆ.

“ಸಾಲ ಎಲ್ಲಿ ಬಂತ್ರಿ? ಇದು ಉದ್ರಿ. ಇವತ್ತ ರೊಕ್ಕ ಎಣಿಸಿ ಹೋದ್ರ, ನಾಳಿ ಈ ಅಂಗಡಿಗಿ ಬರಂಗಿಲ್ಲ ಅಂದಂಗಾತು. ನಾವೇನ್ ತಪ್ಪ ಮಾಡೀವ್ರಿ?”

ನಮ್ಮ ನಂಜನಗೂಡಿನಲ್ಲಿ ಕಡ ಕೇಳುವವರು ಹಿತ್ತಿಲ ಬಾಗಿಲಿಗೆ ಬರುತ್ತಾರೆ. ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು, ದನಿ ಇಳಿಸಿ ಕೇಳುತ್ತಾರೆ. ಇಲ್ಲಿ ಗಂಡಸರು ಹೆಂಗಸರು ನಡುಬೀದಿಯಲ್ಲಿ “ಬಸಣ್ಣ, ನನ್ನ ಹೆಸರಿಗಿ ಬರಕೋ” ಎಂದು ಕೂಗಿ ಚೀಲ ಹೊತ್ತು ನಡೆಯುತ್ತಾರೆ. ನನಗೆ ಮೈಯೆಲ್ಲ ಮುಳ್ಳೆದ್ದಿತು. ನೋಟನ್ನು ತಕ್ಕಡಿಯ ಮೇಲಿಟ್ಟು ಬಂದುಬಿಟ್ಟೆ. ಆಮೇಲೆ ಎಷ್ಟೋ ದಿನ ಬಸಣ್ಣ ನನ್ನ ಮುಖ ನೋಡದೆ ಸಾಮಾನು ಕಟ್ಟಿಕೊಟ್ಟರು.

ಆಗ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಒಂದೇ ರಾಜ್ಯ, ಒಂದೇ ಭಾಷೆ, ಹೋಗಿ ಬನ್ನಿ ಎಂದು ಶಿಕ್ಷಣ ಇಲಾಖೆಯವರು ಆರ್ಡರು ಕೊಟ್ಟು ನನ್ನನ್ನು ಇಲ್ಲಿಯ ಹುಡುಗಿಯರ ಸ್ಕೂಲಿಗೆ ಮೇಡಂ ಆಗಿ, ಇಲ್ಲಿಯವರ ಬಾಯಲ್ಲಿ ಅಕ್ಕೋರಾಗಿ, ಕಳಿಸಿದ್ದರು. ಅವರ್ಯಾರೂ ವಾಡಿಯನ್ನು ಕಂಡವರಲ್ಲ. ಮದುವೆಯಾಗದ ಹೆಣ್ಣು ಒಬ್ಬಳೇ ಇರಬಾರದೆಂದು ಅಮ್ಮ ನನ್ನ ಜೊತೆ ಬಂದರು. ಅವರ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಸಂಬಳದಲ್ಲಿ ಉಳಿಸಿ, ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಆಪರೇಷನ್ ಮಾಡಿಸುವುದೇ ನಾನು ಇಷ್ಟು ದೂರ ಬಂದದ್ದರ ಅರ್ಥ ಎಂದುಕೊಂಡಿದ್ದೆ. ಪೋಸ್ಟಾಫೀಸಿನಲ್ಲಿ ಪ್ರತಿ ತಿಂಗಳೂ ಒಂದಿಷ್ಟು ಕಟ್ಟುತ್ತಿದ್ದೆ.

ಮನೆ ಸಿಕ್ಕಿದ್ದು ನಾಗಮ್ಮ ಎಂಬ ವಿಧವೆಯ ವಠಾರದಲ್ಲಿ. ಗೋಡೆ, ನೆಲ, ಮಾಡು, ನೀರಿನ ಕೊಡ ಇಡುವ ಹಲಗೆ, ಎಲ್ಲವೂ ಫರಸಿ. ಅಂದರೆ ಈ ಸೀಮೆಯ ಗಣಿಗಳಲ್ಲಿ ಪದರ ಪದರವಾಗಿ ಏಳುವ ಚಪ್ಪಡಿಕಲ್ಲು. ನಮ್ಮ ಕಡೆ ಹೆಂಚಿನ ಸಂದಿಯಲ್ಲಿ ಗಾಳಿಯಾದರೂ ನುಗ್ಗುತ್ತದೆ. ಇಲ್ಲಿ ಬೇಸಿಗೆಯಲ್ಲಿ ಕಲ್ಲು ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿತ್ತು. ಒಗೆದು ಹಾಕಿದ ಸೀರೆ ಒಣಗುವಷ್ಟರಲ್ಲಿ ಕಾರ್ಖಾನೆಯ ಸಿಮೆಂಟು ಧೂಳು ಕುಡಿದು ಬೂದಿಬಣ್ಣವಾಗುತ್ತಿತ್ತು. ಜೋಳದ ರೊಟ್ಟಿಯನ್ನು ಅಮ್ಮ ಮೊದಲ ಸಲ ಬಾಯಿಗಿಟ್ಟು, “ಇದನ್ನ ಅಗಿಯೋದಕ್ಕೆ ಬೇರೆ ಹಲ್ಲು ಬೇಕು” ಎಂದು ಪಕ್ಕಕ್ಕಿಟ್ಟರು. ಮಾತಿನ ಪಾಡೂ ಅದೇ. ಕ್ಲಾಸಿನಲ್ಲಿ ನಾನು ಹೇಳಿದ್ದಕ್ಕೆಲ್ಲ ಹುಡುಗಿಯರು ತಲೆಯಾಡಿಸುತ್ತಿದ್ದರು. ತಿರುಗಿ ಕೇಳಿದರೆ ಒಂದಕ್ಷರವೂ ತಲೆಗೆ ಹೋಗಿರುತ್ತಿರಲಿಲ್ಲ. ಕನ್ನಡದವಳಾಗಿ ಕನ್ನಡದ ನಾಡಿನಲ್ಲೇ ಪರದೇಶಿಯಾಗುವುದು ಎಂಥ ಅವಮಾನವೆಂದು ಅನುಭವಿಸಿದವರಿಗೇ ಗೊತ್ತು.

ಇಂಥ ಹೊತ್ತಿನಲ್ಲಿ ಶ್ರೀಕಂಠ ಸಿಕ್ಕಿದ. ನಂಜನಗೂಡಿನಲ್ಲಿ ನಮ್ಮ ಹಿಂದಿನ ಬೀದಿಯವನು, ಅಮ್ಮನನ್ನು ಚಿಕ್ಕಂದಿನಿಂದ ಅತ್ತೆ ಎಂದು ಕರೆದವನು. ವಾಡಿಯ ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿ ಬಂದಿದ್ದ. ಅವನು ಬಾಗಿಲಲ್ಲಿ ನಿಂತು, “ಅತ್ತೆ, ಒಂದು ಲೋಟ ಕಾಫಿ ಸಿಗುತ್ತಾ?” ಎಂದ ದಿನ ಅಮ್ಮ ಅತ್ತುಬಿಟ್ಟರು. ಆ ರಾಗ, ಆ ಎಳೆತ ಕೇಳಿ ತಿಂಗಳುಗಳಾಗಿದ್ದವು. ಪ್ರತಿ ಭಾನುವಾರ ಬರುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಈ ಊರಿನ ಬಿಸಿಲು, ಧೂಳು, ಜನ ಎಲ್ಲವನ್ನೂ ಬೈಯುತ್ತಿದ್ದ. ನಾವು ಇಷ್ಟಪಟ್ಟು ಕೇಳುತ್ತಿದ್ದೆವು.

ಬೇಸಿಗೆ ಏರುತ್ತಿದ್ದಂತೆ ಅವನಿಗೆ ಸೀಲಿಂಗ್ ಫ್ಯಾನು ಬೇಕಾಯಿತು. ಜೊತೆಗೊಂದು ರೇಡಿಯೋ. ಶಹಾಬಾದಿನ ಒಬ್ಬ ಸೇಠಜಿ ಇಂಥ ಸಾಮಾನುಗಳನ್ನು ಕಿಸ್ತಿನ ಮೇಲೆ, ಅಂದರೆ ತಿಂಗಳ ಕಂತಿನ ಮೇಲೆ ಕೊಡುತ್ತಿದ್ದರು. ಮೊದಲು ಒಂದಿಷ್ಟು ಕೊಟ್ಟರೆ ಸಾಕು, ಫ್ಯಾನು ಅವತ್ತೇ ಮನೆಗೆ. ಆದರೆ ಪರವೂರಿನವರಿಗೆ ಪಗಾರದ ನೌಕರಿಯ ಇನ್ನೊಬ್ಬರ ಜಾಮೀನು ಬೇಕು.

“ಒಂದು ಸಹಿ ಅಷ್ಟೇ” ಎಂದ ಶ್ರೀಕಂಠ. “ನಮ್ಮವರು ಅಂತ ಈ ಊರಲ್ಲಿ ಇನ್ಯಾರಿದ್ದಾರೆ ನಂಗೆ?”

ನಮ್ಮ ಕಡೆ ಮೇಡಂ ಸಹಿ ಎಂದರೆ ಗೊತ್ತಲ್ಲ, ರಜಾ ಅರ್ಜಿಗೂ ಬೇಕು, ರೇಷನ್ನಿಗೂ ಬೇಕು; ಇವನು ಇಂಥವನು, ನನಗೆ ಗೊತ್ತು ಎಂಬುದಷ್ಟೇ ಅದರ ಅರ್ಥ. ಶಹಾಬಾದಿಗೆ ಹೋಗಿ ಹಾಕಿಕೊಟ್ಟೆ. ಸೇಠಜಿ ನನಗೆ ಸೋಡಾ ತರಿಸಿಕೊಟ್ಟರು. ಅವತ್ತು ಸಂಜೆ ನಾವಿಬ್ಬರೂ ಶ್ರೀಕಂಠನ ಕೋಣೆಗೆ ಹೋಗಿ ಹೊಸ ಫ್ಯಾನಿನ ಕೆಳಗೆ ಕೂತು ಬಂದೆವು. ಅಮ್ಮನಿಗೆ ರೆಕ್ಕೆಗಳು ಮಸುಕಾಗಿಯೇ ಕಂಡವು, ಗಾಳಿ ಮಾತ್ರ ಚೆನ್ನಾಗಿತ್ತು. “ಪುಣ್ಯವಂತ ಕಣೋ ನೀನು” ಎಂದರು.

ಯುಗಾದಿಗೆ ಊರಿಗೆ ಹೋಗಿಬರುತ್ತೇನೆಂದು ಹೋದ ಪುಣ್ಯವಂತ ತಿರುಗಿ ಬರಲಿಲ್ಲ. ಮೈಸೂರಿನ ಕಡೆಗೆ ವರ್ಗ ಮಾಡಿಸಿಕೊಂಡಿದ್ದ. ಕೋಣೆಯಲ್ಲಿ ಫ್ಯಾನಿನ ಕೊಕ್ಕೆ ಮಾತ್ರ ಉಳಿದಿತ್ತು. ನಾನು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ.

ಒಂದು ದಿನ ಸ್ಕೂಲಿನಿಂದ ಬರುವಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಮ್ಮ ಮನೆಯ ಕಟ್ಟೆಯ ಮೇಲೆ ಬಿಳಿ ರುಮಾಲಿನ ಹಿರಿಯರೊಬ್ಬರು ಕೂತಿದ್ದರು. ಕೈಯಲ್ಲಿ ನಮ್ಮ ಮನೆಯ ಲೋಟ, ಅದರಲ್ಲಿ ಅಮ್ಮನ ಕಾಫಿ. ನನ್ನನ್ನು ಕಂಡು ಗಡಬಡಿಸಿ ಎದ್ದರು. ಅವರು ಸೇಠಜಿಯ ವಸೂಲಿಯವರು, ಭೀಮರಾಯ.

ನಾಗಮ್ಮ ನನ್ನನ್ನು ಒಳಗೆಳೆದುಕೊಂಡು ಹೋಗಿ ತಲೆ ಚಚ್ಚಿಕೊಂಡರು.

“ಏನ್ ಮಾಡಿಟ್ರಿ ಅಕ್ಕೋರ! ವಸೂಲಿಗಿ ಬಂದಾವಗ ಕುಡೀಲಿಕ್ಕ ಕೊಡ್ತಾರೇನ್ರಿ?”

“ಯಾರೋ ಬಿಸಿಲಲ್ಲಿ ಕೂತಿದ್ದಾರೆ ಅಂತ ಅಮ್ಮ ಕೊಟ್ಟಿರಬೇಕು. ಅದಕ್ಕೇನಾಯಿತು?”

ಆಗ ನಾಗಮ್ಮ ಬಿಡಿಸಿ ಹೇಳಿದರು. ಸಾಲ ಮಾಡಿದವನು ಓಡಿಹೋದರೆ ವಸೂಲಿಯವನು ಬಂದು ಜಾಮೀನಿನವರ ಕಟ್ಟೆಯ ಮೇಲೆ ಕೂರುತ್ತಾನೆ. ಬೈಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ಕೂರುತ್ತಾನೆ. ಮನೆಯವರು ಅವನಿಗೆ ನೀರು ಸಹ ಕೊಡುವಂತಿಲ್ಲ. ನಾಲ್ಕಾರು ದಿನ ಹಾಗೆ ಬಾಯಾರಿ ಕೂತರೆ ಓಣಿಯ ಹಿರಿಯರು ನಡುವೆ ಬಂದು, ಜಾಮೀನಿನವರೂ ಮೋಸಹೋದವರೇ ಎಂದು ಸಾಲವನ್ನು ಅರ್ಧಕ್ಕೆ ಇಳಿಸುತ್ತಾರೆ. ಆದರೆ ಆ ಮನೆಯ ನೀರು ಅವನ ಗಂಟಲಿಗೆ ಇಳಿದರೆ ಮುಗಿಯಿತು, ಮನೆಯವರು ಪೂರಾ ಸಾಲ ಒಪ್ಪಿಕೊಂಡ ಹಾಗೆ.

“ನೀರಲ್ರಿ, ನಿಮ್ಮ ತಾಯಿ ಕಾಫಿನೇ ಕೊಟ್ಟಾರ” ಎಂದು ನಾಗಮ್ಮ ಕಣ್ಣೊರೆಸಿಕೊಂಡರು. “ಓಣಿ ಎಲ್ಲಾ ನೋಡ್ಯದ. ಇನ್ನ ಯಾರ್ ಮಾತಾಡ್ತಾರ್ರಿ ನಿಮ್ಮ ಕಡಿಂದ?”

ಹೊರಗೆ ಭೀಮರಾಯ ತಲೆ ತಗ್ಗಿಸಿ ನಿಂತಿದ್ದರು. “ನನಗೂ ಗೊತ್ತದರಿ. ಬ್ಯಾಡಂತಲೇ ಹೇಳಿದೆ. ತಾಯಿ ಕೈಮುಟ್ಟಿ ಲೋಟ ಕೈಯಾಗಿಟ್ರು. ಕಣ್ಣು ಕಾಣಂಗಿಲ್ಲ ಅಕಿಗಿ, ಹ್ಯಾಂಗ ಒಲ್ಲೆ ಅನ್ಲಿರಿ?”

ಶಹಾಬಾದಿಗೆ ಹೋಗಿ ಸೇಠಜಿಯ ಮುಂದೆ ಜಗಳವಾಡಿದೆ. ಫ್ಯಾನು ನನ್ನದಲ್ಲ, ರೇಡಿಯೋ ನನ್ನದಲ್ಲ, ಒಂದು ಹಾಡನ್ನೂ ನಾನು ಕೇಳಿಲ್ಲ ಅಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. “ಅವರ ಮುಖ ನೋಡಿ ನಾವು ಕೊಟ್ಟಿಲ್ರಿ ಅಕ್ಕೋರ. ನಿಮ್ಮ ಸಹಿ ನೋಡಿ ಕೊಟ್ಟೀವಿ” ಅಂದರು. ಅದರಲ್ಲಿ ಸುಳ್ಳೇನಿತ್ತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳಿಕೊಟ್ಟಿದ್ದರು. ಇನ್ನೊಬ್ಬರ ಕಾಲಿಗೆ ನಮ್ಮ ಹಾಸಿಗೆ ಹಾಸಬಾರದೆಂದು ಯಾರೂ ಹೇಳಿರಲಿಲ್ಲ.

ಕಿಸ್ತು ಶುರುವಾಯಿತು. ಪೋಸ್ಟಾಫೀಸಿನ ದುಡ್ಡು ಮೊದಲು ಹೋಯಿತು, ಆಮೇಲೆ ಪ್ರತಿ ಪಗಾರದ ಒಂದು ಪಾಲು. ಅಮ್ಮನಿಗೆ ವಿಷಯ ತಿಳಿಸದೆ ಇರಲು ಆಗಲಿಲ್ಲ, ಓಣಿಯೇ ತಿಳಿಸಿತ್ತು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನಾನೇ ಕಣೆ” ಎಂದರು. ಬಂದವರನ್ನು ಬರಿಗಂಟಲಲ್ಲಿ ಕಳಿಸಿ ಗೊತ್ತಿಲ್ಲದ ಹೆಂಗಸು, ಅವತ್ತಿನಿಂದ ಬಾಗಿಲಿಗೆ ಯಾರು ಬಂದರೂ ಒಳಗೆ ಹೋಗಿ ಕೂತುಬಿಡುತ್ತಿದ್ದರು. ಶ್ರೀಕಂಠ ನಮ್ಮಿಂದ ಕಿತ್ತುಕೊಂಡದ್ದರಲ್ಲಿ ನಾನು ಇಂದಿಗೂ ಕ್ಷಮಿಸದೆ ಇರುವುದು ಇದನ್ನೇ.

ಕೈಯಲ್ಲಿ ನೋಟು ಹಿಡಿದು ಬಸಣ್ಣನ ಅಂಗಡಿಗೆ ಹೋಗುವ ಸೊಕ್ಕು ಇಳಿಯಿತು. ಖಾಲಿ ಚೀಲ ಹಿಡಿದು ನಿಂತಾಗ ಅವರು ಹಳೆಯದನ್ನು ಎತ್ತಿ ಆಡಲಿಲ್ಲ. “ಜ್ವಾಳ ಎಷ್ಟ್ ಕಟ್ಲಿರಿ?” ಎಂದಷ್ಟೇ ಕೇಳಿದರು. ಒಮ್ಮೆ ಚಹಾಪುಡಿಯ ಜೊತೆ ಸುವಾಸನೆಯ ಸೋಪು ಕೇಳಿದ್ದಕ್ಕೆ, “ಪಗಾರ ಆದ ದಿನ ಒಯ್ರಿ ಅಕ್ಕೋರ. ಹೊಟ್ಟಿಗಿ ಹಾಕೊಳ್ಳೋದು ಉದ್ರಿ ಒಯ್ರಿ, ಮೈಗಿ ಹಚ್ಚೋದು ನಗದಿ ಒಯ್ರಿ” ಎಂದು ಸೋಪನ್ನು ತಿರುಗಿ ಡಬ್ಬಿಗೆ ಹಾಕಿದರು. ಉದ್ರಿಗೂ ಸಾಲಕ್ಕೂ ಇರುವ ಫರಕು ನನಗೆ ಅವತ್ತು ತಿಳಿಯಿತು. ತಿಂಗಳ ಪಗಾರ ತಿಂಗಳಿಗೇ ತೀರಿಸಬಲ್ಲದ್ದು ಉದ್ರಿ. ತೀರುವ ಮೊದಲೇ ಹಳತಾಗುವ ಫ್ಯಾನು ಸಾಲ. ನಾನು ತೀರಿಸುತ್ತಿದ್ದುದು ಎರಡೂ ಅಲ್ಲ, ಬೇರೊಬ್ಬನ ಮನೆಯ ಗಾಳಿ.

ರಾಜ್ಯದ ಹೆಸರು ಬದಲಾಯಿತು. ಸ್ಕೂಲಿನಲ್ಲಿ ಸಿಹಿ ಹಂಚಿದೆವು. ಕಿಸ್ತು ಮುಗಿದಿರಲಿಲ್ಲ.

ಅಷ್ಟರಲ್ಲಿ ಅಮ್ಮ ಜೋಳದ ರೊಟ್ಟಿಗೆ ಒಗ್ಗಿಕೊಂಡಿದ್ದರು, ನಾಗಮ್ಮನ ಜೊತೆ ಕೂತು ಪುಂಡಿಪಲ್ಯಕ್ಕೆ ಸೊಪ್ಪು ಬಿಡಿಸುತ್ತಿದ್ದರು. ಕಣ್ಣಿನಿಂದಲ್ಲ, ಬೆರಳಿನಿಂದ. ಕೊನೆಗೆ ಗುಲ್ಬರ್ಗಾಕ್ಕೆ ಹೋದಾಗ ಡಾಕ್ಟರು ದೀಪ ಹಿಡಿದು ನೋಡಿ ನನ್ನನ್ನೇ ಗದರಿದರು. ಪೊರೆ ಬಲಿತು ಎಡಗಣ್ಣು ಹೋಗಿಬಿಟ್ಟಿತ್ತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಫ್ಯಾನು ಕೊಂಡೆವು ಎನ್ನಲೇ? ಬಲಗಣ್ಣಿಗೆ ಆಪರೇಷನ್ ಆಗಿ, ದಪ್ಪ ಕನ್ನಡಕ ಬಂತು. ವಾಡಿಗೆ ತಿರುಗಿ ಬಂದು ಅದರಲ್ಲಿ ಅಮ್ಮ ಮೊದಲು ನೋಡಿದ್ದು ಬಾಗಿಲಲ್ಲಿ ನಿಂತಿದ್ದ ಭೀಮರಾಯರನ್ನು. ಕೊನೆಯ ಕಿಸ್ತು ಒಯ್ಯಲು ಬಂದಿದ್ದರು. “ಇವರೇನಾ?” ಎಂದು ದಿಟ್ಟಿಸಿ, ಎದ್ದು ಹೋಗಿ ಕಾಫಿ ಮಾಡಿದರು. ಭೀಮರಾಯ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಕುಡಿದರು.

ಮರುವರ್ಷ ಅಣ್ಣನ ಮಗಳ ಮದುವೆಗೆ ನಂಜನಗೂಡಿಗೆ ಬಂದೆವು. ನಂಜನಗೂಡಿನವರಾದ ನಿಮಗೆಲ್ಲ ನೆನಪಿರಬಹುದು, ವಾಡಿಯಿಂದ ಬಂದ ಮೇಲೆ ನನ್ನ ತಾಯಿಗೆ ರೀತಿನೀತಿಯೇ ಮರೆತುಹೋಗಿದೆ ಎಂದು ಆಡಿಕೊಂಡಿರಂತೆ. ನಡೆದದ್ದು ಇಷ್ಟು. ಮದುವೆ ಮುಗಿದ ಸಂಜೆ ಅಮ್ಮ ನನ್ನ ಕೈ ಹಿಡಿದು ಹಿಂದಿನ ಬೀದಿಗೆ ನಡೆದರು. ಶ್ರೀಕಂಠನ ಮನೆಯ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಆ ಫ್ಯಾನು ತಿರುಗುತ್ತಿತ್ತು. ಅಮ್ಮ ಒಳಗೆ ಹೋಗಲಿಲ್ಲ. ಹೊಸಿಲ ಹೊರಗಿನಿಂದಲೇ ಕನ್ನಡಕ ಏರಿಸಿಕೊಂಡು ಅದನ್ನು ನೋಡಿದರು, ಆಮೇಲೆ ಜಗಲಿಯ ಮೇಲೆ ಕೂತರು.

ಶ್ರೀಕಂಠ ಹೊರಗೆ ಬಂದವನು ಒಂದು ಗಳಿಗೆ ಬಿಳುಚಿಕೊಂಡ, ಮರುಗಳಿಗೆ ನಕ್ಕ. “ಅತ್ತೆ! ಒಳಗೆ ಬನ್ನಿ. ಆ ಬೆಂಕಿಯಲ್ಲಿ ಹೇಗಿದ್ದೀರೋ ಏನೋ!”

ಅಮ್ಮ ಜಗಲಿ ಬಿಟ್ಟು ಏಳಲಿಲ್ಲ. ಅವನ ಹೆಂಡತಿ ಕಾಫಿ ತಂದಳು, ಅಮ್ಮ ಕೈಚಾಚಲಿಲ್ಲ. ನೀರು ತಂದಳು, ಮುಟ್ಟಲಿಲ್ಲ. ಅಕ್ಕಪಕ್ಕದವರು ಬಂದು ನಿಂತರು. ಕೊಟ್ಟ ಕಾಫಿ ಬೇಡವೆಂದು ಮುಖ ತಿರುಗಿಸಿ ಕೂತ ಮುದುಕಿಯನ್ನು ಕಂಡು ಒಬ್ಬರನ್ನೊಬ್ಬರು ನೋಡಿಕೊಂಡರು. ಇದೇನು ಅಹಂಕಾರ ಎಂದರು ಒಬ್ಬರು.

“ಯಾಕತ್ತೆ, ಕುಡಿಯಿರಿ” ಎಂದು ಶ್ರೀಕಂಠನೇ ಲೋಟ ಎತ್ತಿ ಹಿಡಿದ.

“ನಮ್ಮ ಕಡೆ ಇಂಥ ಜಗಲಿ ಮೇಲೆ ಕೂತವರು ಕುಡಿಯಲ್ಲ ಕಣಪ್ಪ” ಎಂದರು ಅಮ್ಮ. “ನಿಂಗೆ ಗೊತ್ತಲ್ಲ.”

ಯಾವುದು ನಮ್ಮ ಕಡೆ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ವಾಡಿಯಲ್ಲಿದ್ದು ಬಂದ ಅವನಿಗೆ ತಿಳಿಯಿತು. ಅವನು ಲೋಟವನ್ನು ಕೆಳಗಿಟ್ಟು, ಒಳಗೆ ಹೋಗಿ ಫ್ಯಾನು ನಿಲ್ಲಿಸಿದ, ಹೊರಗೆ ಬರಲಿಲ್ಲ. ಕತ್ತಲಾಗುವವರೆಗೆ ನಾವು ಕೂತಿದ್ದೆವು. ಓಣಿಯ ಹಿರಿಯರೆಂದು ಯಾರೂ ಬರಲಿಲ್ಲ. ಬರುವ ಪದ್ಧತಿ ನಮ್ಮೂರಿನಲ್ಲಿ ಇಲ್ಲ. ಅಮ್ಮ ಒಣಗಿದ ತುಟಿ ಒರೆಸಿಕೊಂಡು ಎದ್ದರು.

“ನಡಿ” ಎಂದರು, “ಮನೆಗೆ ಹೋಗಿ ನೀರು ಕುಡಿಯೋಣ.”

ಅಣ್ಣನ ಮನೆ ಎರಡು ಹೆಜ್ಜೆಯಲ್ಲೇ ಇತ್ತು. ಅಮ್ಮ ಅದರ ಬಾಗಿಲ ಮುಂದೆ ನಿಲ್ಲದೆ ಹಾದು, ವಾಡಿಯ ರೈಲಿಗೆಂದು ಸ್ಟೇಷನ್ನಿನ ದಾರಿ ಹಿಡಿದಿದ್ದರು.