ಸಾಲಿನ ಬಲತುದಿ

ಪ್ರಭಾಕರ ಇಟಗಿಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಪಿಸ್ಕಾಟವೇಯ ಆ ಟೌನ್‌ಹೌಸಿಗೆ ಬಂದ ಎರಡನೆಯ ವರ್ಷವೇ ಅದು ಗುರಾಣಿಗಳ ಪಾಲಾಗಿತ್ತು. ಒಂದು ಗೋಡೆಗೆ ಪ್ಲೈವುಡ್ಡಿನಲ್ಲಿ ಕೊಯ್ದು ಮಾಡಿದ, ಮೂರು ಅಡಿ ಅಗಲದ ದುಂಡು ಗುರಾಣಿಗಳು. ಇನ್ನೊಂದು ಗೋಡೆಯುದ್ದಕ್ಕೂ ಮರದ ಕೋಲುಗಳನ್ನು ಜೋಡಿಸಿ ಮಾಡಿದ ಹದಿನೆಂಟು ಅಡಿಯ ಈಟಿ.

“ಇದು ಮ್ಯಾಸಿಡೋನಿಯಾದವರದು,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. “ಎರಡೂ ಕೈಯಾಗ ಹಿಡೀಬೇಕು. ಅದಕ್ಕ ಅವರ ಗುರಾಣಿ ಸಣ್ಣದು, ಕೊರಳಿಗೆ ಜೋತುಬಿಡ್ತಿದ್ರು. ಹದಿನಾರು ಸಾಲು ಮಂದಿ. ಮೊದಲಿನ ಐದು ಸಾಲಿನ ಮೊನೆ ಎಲ್ಲಾ ಮುಂದ ಚಾಚಿರ್ತಾವ. ಎದುರಿನವ ಒಬ್ಬನ್ನ ಮುಟ್ಟಬೇಕಂದ್ರ ಐದು ಮೊನೆ ದಾಟಬೇಕು.”

“ನಮ್ಮ ಕಾರು ಸ್ನೋದಾಗ ನಿಂತದ,” ಎನ್ನುತ್ತಿದ್ದಳು ಹೆಂಡತಿ ಪಂಕಜಾ. “ಅದಕ್ಕೊಂದು ಗುರಾಣಿ ಮಾಡ್ರಿ ಮೊದಲ.”

ಧಾರವಾಡದ ಪ್ರಭಾಕರನಿಗೆ ಆಗ ನಲವತ್ತೊಂದು. ಟೆಲಿಕಾಂ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಹನ್ನೊಂದು ಜನರ ತಂಡಕ್ಕೆ ಲೀಡ್. ಲೈಬ್ರರಿಯವರು ಮಾರಾಟಕ್ಕಿಟ್ಟಿದ್ದ ಹಳೆಯ ಪುಸ್ತಕವೊಂದರಿಂದ ಹತ್ತಿದ ಹುಚ್ಚು ಇದು. ೧೯೯೮ರಲ್ಲಿ ಅವನು ಕನ್ನಡ ಕೂಟದ ಪಿಕ್ನಿಕ್ಕಿನ ಹಗ್ಗಜಗ್ಗಾಟವನ್ನೇ ಕಿತ್ತುಹಾಕಿ, ಗುರಾಣಿಗೆ ಗುರಾಣಿ ಒತ್ತಿ ಎದುರಾಳಿಯನ್ನು ಹಿಂದಕ್ಕೆ ನೂಕುವ ಆಟ ತಂದ. ಪಿಕ್ನಿಕ್ಕು ಜೂನಿನಲ್ಲಾದರೂ ಪ್ರತಿ ವರ್ಷ ಮಾರ್ಚಿನಿಂದಲೇ ಶನಿವಾರಗಳಂದು ಪಾರ್ಕಿನಲ್ಲಿ ತಾಲೀಮು.

ಆಟಕ್ಕೆ ಈಟಿ ಬೇಡ. ಅದು ಮ್ಯಾಸಿಡೋನಿಯಾಕ್ಕಿಂತ ಹಿಂದಿನ ಗ್ರೀಕರ ಪದ್ಧತಿ. ಎಡ ಮುಂಗೈಯನ್ನು ಪಟ್ಟಿಯೊಳಗೆ ತೂರಿಸಿ ಅಂಚಿನ ಹಿಡಿ ಹಿಡಿದರೆ ಗುರಾಣಿಯ ಅರ್ಧ ನಿಮ್ಮನ್ನು ಮುಚ್ಚುತ್ತದೆ, ಉಳಿದರ್ಧ ಎಡಕ್ಕೆ ನಿಂತವನ ಬಲಮೈಯನ್ನು. ನಿಮ್ಮ ಬಲಮೈ ಬಲಗಡೆಯವನ ಪಾಲು. ಹೆದರಿಕೆಯಾದಾಗ ಪ್ರತಿಯೊಬ್ಬನೂ ತಿಳಿಯದೆಯೇ ಬಲಕ್ಕೆ, ಪಕ್ಕದವನ ಗುರಾಣಿಯ ಮರೆಗೆ, ಒತ್ತರಿಸುತ್ತಾನೆ. ಇಡೀ ಸೈನ್ಯವೇ ಹೀಗೆ ಬಲಕ್ಕೆ ವಾಲಿಕೊಂಡು ಹೋಗುತ್ತಿತ್ತಂತೆ. ಇಷ್ಟನ್ನು ಪ್ರಭಾಕರ ಎಲ್ಲರಿಗೂ ಹೇಳುತ್ತಿದ್ದ. ವಾಲುವಿಕೆ ಶುರುವಾಗುವುದು ಬಲತುದಿಯವನಿಂದ, ಯಾಕೆಂದರೆ ಅವನ ಬಲಮೈಗೆ ಯಾರ ಮರೆಯೂ ಇಲ್ಲ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಿದ್ದ. ಬಲತುದಿಯಲ್ಲಿ ನಿಲ್ಲುತ್ತಿದ್ದವನು ಅವನೇ. ಮೂರು ವರ್ಷದಲ್ಲಿ ಒಮ್ಮೆಯೂ ಸರಿದವನಲ್ಲ.

ಅವನ ಎಡಕ್ಕೆ ರಾಮ್. ಮೈಸೂರಿನ ಹುಡುಗ, ಇಪ್ಪತ್ತೆಂಟು, ಹೆಂಡತಿ ರಾಜಿ; ಆಫೀಸಿನಲ್ಲಿ ಪ್ರಭಾಕರನದೇ ತಂಡದಲ್ಲಿ ಕೆಲಸ. ಆಫೀಸಿನಲ್ಲಿ ‘ಪ್ರಭಾಕರ್’ ಎನ್ನುವವನು ಮೈದಾನದಲ್ಲಿ ‘ಗುರುಗಳೇ’ ಎನ್ನುತ್ತಿದ್ದ.

೨೦೦೧ರ ಮಾರ್ಚಿನ ಒಂದು ಗುರುವಾರ ಡೈರೆಕ್ಟರ್ ಪ್ರಭಾಕರನನ್ನು ಕರೆದು ಬಾಗಿಲು ಹಾಕಿ ಒಂದು ಹಾಳೆ ತೋರಿಸಿದ. ಕೆಲಸದಿಂದ ತೆಗೆಯುವವರ ಪಟ್ಟಿ; ತಂಡದ ಹನ್ನೊಂದರಲ್ಲಿ ಆರು ಹೆಸರು. ಮೂರನೆಯದು ರಾಮ್. ಬುಧವಾರದವರೆಗೆ ಯಾರಿಗೂ ತಿಳಿಯಕೂಡದು, ತಿಳಿದರೆ ಹಾಳೆಯಲ್ಲಿ ಏಳನೆಯ ಹೆಸರು ಬರುತ್ತದೆ ಎಂದ. ಪ್ರಭಾಕರನ ಗ್ರೀನ್ ಕಾರ್ಡಿನ ಅರ್ಜಿ ಅದೇ ಕಂಪನಿಯ ಹೆಸರಿನಲ್ಲಿತ್ತು, ಇನ್ನೂ ಮೊದಲ ಹಂತದಲ್ಲೇ. ಕೆಲಸ ಹೋದರೆ ಅದೂ ಹೋದಂತೆ; ಕೆಲಸದ ವೀಸಾಕ್ಕಿರುವ ಆರು ವರ್ಷದ ಮಿತಿ ಆ ಡಿಸೆಂಬರಿಗೆ ಮುಗಿಯುತ್ತಿತ್ತು.

ಶನಿವಾರದ ತಾಲೀಮಿನಲ್ಲಿ ಎದುರು ತಂಡದ ಮುಂದೆ ಡಾಕ್ಟರ್ ಬಸವಪ್ರಸಾದ್ ನಿಂತಿದ್ದರು. ಕಲಬುರ್ಗಿಯವರು, ತೂಕದ ಆಳು. ಎರಡು ಸಾಲೂ ಹತ್ತಿರ ಬಂದವು. ಗುರಾಣಿಗಳು ಡಬ್ ಎಂದು ಬಡಿಯುವ ಹೊತ್ತಿಗೆ ಪ್ರಭಾಕರ ಅರ್ಧ ಹೆಜ್ಜೆ ಬಲಕ್ಕೆ ಸರಿದ. ತೆರೆದ ಸಂದಿಯಲ್ಲಿ ಬಸವಪ್ರಸಾದರ ಭುಜ ನುಗ್ಗಿತು. ರಾಮ್ ಅಂಗಾತ ಬಿದ್ದ.

“ಏ, ಗೋಡಿ ಬಿತ್ತಲೇ!” ಎಂದು ಡಾಕ್ಟರು ಕೂಗಿದರು. “ಇಟಗಿಯವ್ರ, ಮಾಸ್ತರೇ ಸರಿದ್ರ ಸಾಲಿ ಹುಡುಗ್ರ ಗತಿ ಏನ್ರಿ?”

ಎಲ್ಲರೂ ನಕ್ಕರು. ರಾಮ್ ಕೂಡ ನಗುತ್ತ, ಮೊಣಕೈಗೆ ಅಂಟಿದ ಹುಲ್ಲು ಕೊಡವಿಕೊಳ್ಳುತ್ತ ಪ್ರಭಾಕರನ ಪಕ್ಕ ಬಂದು ಕೂತ.

“ಗುರುಗಳೇ, ಒಂದ್ ವಿಷ್ಯ. ಬಾಸ್ಕಿಂಗ್ ರಿಡ್ಜ್‌ನ ಒಂದು ಕಂಪನಿಯಿಂದ ಆಫರ್ ಬಂದಿದೆ. ಸೋಮವಾರ ಹತ್ತು ಗಂಟೆ ಒಳಗೆ ಹೇಳ್ಬೇಕಂತೆ. ನಂಗೇನೋ ಇಲ್ಲೇ ಇಷ್ಟ. ರಾಜಿಗೂ ಮನೆ ಬದಲಾಯಿಸೋದು ಬೇಡ, ಆರು ತಿಂಗಳು ಅವಳಿಗೆ. ನಮ್ಮ ಪ್ರಾಜೆಕ್ಟ್ ನಡಿಯತ್ತೆ ತಾನೆ?”

ಪ್ರಭಾಕರ ಗುರಾಣಿಯ ಪಟ್ಟಿ ಬಿಚ್ಚುತ್ತಿದ್ದ. “ಜೂನ್ ತನಕಾ ಪ್ಲಾನ್ ಅದ,” ಎಂದ.

ಸುಳ್ಳಲ್ಲ. ಪ್ಲಾನ್ ಜೂನ್‌ವರೆಗೆ ಇತ್ತು.

“ಅಷ್ಟು ಸಾಕು ಬಿಡಿ,” ಎಂದ ರಾಮ್.

ಭಾನುವಾರ ಮಧ್ಯಾಹ್ನ ಪಂಕಜಾ ಊಟದ ತಟ್ಟೆ ಮುಂದಿಟ್ಟು ಏನಾಗಿದೆ ಎಂದು ಕೇಳಿದಳು. ಅವನು ಎಲ್ಲ ಹೇಳಿದ.

“ನಿಮ್ಮ ಪೇಪರ್ ಅವರ ಕೈಯಾಗ ಅದ. ಬಾಯಿ ಮುಚ್ಚಿಕೊಂಡಿರ್ರಿ,” ಎಂದಳು. ಆಮೇಲೆ, “ಆದ್ರ ರಾಜಿ ಮಾರಿ ನಾ ಹೆಂಗ ನೋಡ್ಲಿ?”

ಸೋಮವಾರ ಎಂಟೂವರೆಗೇ ಅವನು ಆಫೀಸಿನ ಪಾರ್ಕಿಂಗ್ ಲಾಟ್ ತಲುಪಿದ. ಕಾರಿನಲ್ಲೇ ಕೂತಿದ್ದ. ಹತ್ತು ಗಂಟೆಯವರೆಗೆ ಹೊತ್ತಿದೆ ಎಂಬುದೊಂದೇ ಲೆಕ್ಕ ತಲೆಯಲ್ಲಿ. ರಾಮ್‌ನ ಕ್ಯೂಬಿಕಲ್ ಮುಟ್ಟಿದಾಗ ಒಂಬತ್ತು ನಲವತ್ತು.

“ಬಾಸ್ಕಿಂಗ್ ರಿಡ್ಜ್‌ನವ್ರಿಗೆ…”

“ಒಂಬತ್ತಕ್ಕೇ ಫೋನ್ ಮಾಡಿ ಬೇಡ ಅಂದ್ಬಿಟ್ಟೆ. ಅವರನ್ನ ಕಾಯಿಸೋದ್ಯಾಕೆ ಅಂತ.”

“ಮತ್ತ ಮಾಡು.”

“ಯಾಕೆ?”

“ಮಾಡೋ ಮಾರಾಯ. ಈಗ.”

ರಾಮ್ ಅವನ ಮುಖ ನೋಡಿದ. ಫೋನ್ ಎತ್ತಿಕೊಂಡ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ ಹೇಳಿದಳು: ಆ ಕೆಲಸವನ್ನು ಪಟ್ಟಿಯ ಎರಡನೆಯವರಿಗೆ ಈಗಷ್ಟೇ ಕೊಟ್ಟಾಯಿತು.

ಬುಧವಾರ ಆರು ಜನ ರಟ್ಟಿನ ಪೆಟ್ಟಿಗೆ ಹಿಡಿದು ಹೊರಟರು. ಪ್ರಭಾಕರ ಲಿಫ್ಟಿನವರೆಗೂ ಹೋದ.

“ಶನಿವಾರ ಗೊತ್ತಿತ್ತಾ?” ರಾಮ್ ಕೇಳಿದ.

“ಗುರುವಾರನ ಗೊತ್ತಿತ್ತು.”

“ನಾನು ನಿಮ್ಮ ಕಾಲು ಜಾರ್ತೇನೋ ಅಂದ್ಕೊಂಡೆ,” ಎಂದ ರಾಮ್. ಲಿಫ್ಟ್ ಬಂತು.

ರಾಮ್‌ಗೆ ಕೆಲಸದೊಂದಿಗೆ ವೀಸಾದ ಆಸರೆಯೂ ಹೋಗಿತ್ತು. ಏಪ್ರಿಲಿನಲ್ಲಿ ಗಂಡಹೆಂಡತಿ ಮೈಸೂರಿಗೆ ಹೊರಟರು. ಹಿಂದಿನ ದಿನ ರಾಜಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ರಾಮ್‌ನ ಗುರಾಣಿಯನ್ನು ತಂದು ಪಂಕಜಾಳ ಕೈಗೆ ಕೊಟ್ಟಳು. ಕಾಫಿ ಬೇಡವೆಂದಳು.

ಜೂನಿನ ಪಿಕ್ನಿಕ್ಕಿಗೆ ಹೊಸಬರು ನಾಲ್ವರು ಬಂದಿದ್ದರು. ಪ್ರಭಾಕರ ಎಂದಿನಂತೆ ಗುರಾಣಿ ಹಿಡಿಯುವುದನ್ನು ತೋರಿಸಿದ. ಸಾಲು ಬಲಕ್ಕೆ ವಾಲುವುದನ್ನೂ ಹೇಳಿದ.

“ಮೊದಲು ಸರಿಯೋದು ಬಲತುದಿಯವ,” ಎಂದ. “ಅವನ ನೋಡಿ ಉಳಿದವರು.”

“ಇದನ್ನ ಮೂರು ವರ್ಷದಾಗ ಒಮ್ಮೀನೂ ಹೇಳಿಲ್ಲಲ್ರಿ ನೀವು!” ಎಂದರು ಬಸವಪ್ರಸಾದ್.

ಪ್ರಭಾಕರ ತನ್ನ ಗುರಾಣಿಯನ್ನು ಡಾಕ್ಟರ ಕೈಗೆ ಕೊಟ್ಟು, ಅವರನ್ನು ಬಲತುದಿಯಲ್ಲಿ ನಿಲ್ಲಿಸಿ, ತಾನು ಹಿಂದಿನ ಸಾಲಿಗೆ ಹೋದ.